ಶೋಭಾರಾಣಿ ಕೊಟ್ಟ ಫಿಲ್ಟರ್

ವಿಠಲ್ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡು ಶೋಭಾರಾಣಿ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಅವನ ಹಿಂದೆ ಅವನ ತಂದೆ ರಾಘಣ್ಣನವರೂ ಕಾಣಿಸಿದಾಗ ಆ ಕೈ ತಾನಾಗಿ ಕೆಳಗಿಳಿಯಿತು.

ರಾಘಣ್ಣನವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಎಣ್ಣೆ ಜಿನುಗುತ್ತಿದ್ದ ಆಯಿಲ್ ಫಿಲ್ಟರ್. ನಾಲ್ಕು ದಿನದ ಹಿಂದೆ ಅವಳೇ ಆರಿಸಿ ಕೊಟ್ಟದ್ದು.

"ಇದು ನೀನು ಕೊಟ್ಟದ್ದೇನಮ್ಮಾ?"

"ಹೌದ್ರಿ."

"ಮುಂಜಾನೆ ಗಾಡಿ ಚಾಲೂ ಮಾಡಿದ್ರ ಮೀಟರಿನ್ಯಾಗಿನ ಎಣ್ಣಿ ದೀಪ ಜಲ್ದಿ ಆರವಲ್ಲದು. ಎಂಜಿನ್ ಕಟಕಟ ಅಂತದ. ಹಳೇ ಫಿಲ್ಟರ್ ವಾಪಸ್ ಹಾಕಿದ್ವಿ, ಸುಮ್ಮನಾತು. ಇದು ನಕಲಿ ಮಾಲು ಅಂತಾನ ಮೆಕ್ಯಾನಿಕ್."

ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅವಳ ಅಪ್ಪ ಗುರುಪಾದಯ್ಯ ತಲೆ ಎತ್ತಲಿಲ್ಲ. ಆದರೆ ಪುಟ ತಿರುವುವುದು ನಿಂತಿತು.

ವರ್ಷದ ಹಿಂದೆ ಕೌಂಟರ್ ಒಪ್ಪಿಸುವಾಗ ಅವರು ಒಂದೇ ಮಾತು ಹೇಳಿದ್ದರು. ಒಂದು ನಕಲಿ ಮಾಲು ಹೊರಗೆ ಹೋದರೂ ಅಂಗಡಿ ನನ್ನ ಅಣ್ಣನ ಮಗ ಸೋಮೇಶನಿಗೆ, ನೀನು ಮನೆಗೆ. ಅಪ್ಪ ಆಡಿದ ಮಾತು ತಪ್ಪುವವರಲ್ಲ. ಕೆಮಿಸ್ಟ್ರಿ ಓದಿದ ಹುಡುಗಿ ತೆಲುಗು ಗಡಿಯ ಆದೋನಿಯ ಬಜಾರಿನಲ್ಲಿ ಬೇರಿಂಗು, ಬೋಲ್ಟು ಮಾರುವುದೆಂದರೇನು ಎಂದು ಬಂಧುಗಳು ಮೊದಲೇ ಮೂಗು ಮುರಿದಿದ್ದರು.

ಅವಳು ವಿಠಲ್‌ನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ನಾಲ್ಕು ದಿನದ ಹಿಂದೆ ಈ ಕಣ್ಣುಗಳು ನೆಲ ನೋಡಿರಲಿಲ್ಲ. ಅಂದು ಅವಳು ಎರಡು ಫಿಲ್ಟರ್ ತೆಗೆದು ಮುಂದಿಟ್ಟಿದ್ದಳು.

"ಎರಡೂ ಒಂದೇ ಥರಾ ಅವ ಅಲ್ರಿ?" ಎಂದಿದ್ದ.

"ಬರೇ ಮುಖ ನೋಡಿ ಆರಿಸ್ತೀರೇನು?"

"ಒಮ್ಮೊಮ್ಮೆ."

ಅವಳು ನಗು ನುಂಗಿ ಪಾಠಕ್ಕಿಳಿದಿದ್ದಳು. ತಳದ ತೂತುಗಳ ಒಳಗಿನ ರಬ್ಬರನ್ನು ಕಡ್ಡಿಯಿಂದ ಒತ್ತಿ ತೋರಿಸಿದ್ದಳು. "ಒತ್ತಿ ಬಿಟ್ರ ತಟ್ಟನೆ ವಾಪಸ್ ಬರಬೇಕು. ಗಾಡಿ ನಿಂತಾಗ ಎಣ್ಣಿ ಕೆಳಗ ಇಳೀದಂಗ ಹಿಡಿಯೋದು ಇದೇ. ಅಗ್ಗದ್ರಾಗ ರಬ್ಬರ್ ಬಿರುಸು ಇರ್ತೈತಿ, ಸಂದಿ ಬಿಡ್ತೈತಿ. ಅರ್ಥಂ ಅಯಿಂದಾ?"

"ಇನ್ನೊಂದ್ಸಲ ಹೇಳ್ರಿ."

ಅವನು ನೋಡುತ್ತಿದ್ದದ್ದು ರಬ್ಬರನ್ನಲ್ಲ, ಅವಳ ಬೆರಳನ್ನು. ಗೊತ್ತಿದ್ದೂ ಅವಳು ಮೂರು ಸಲ ಹೇಳಿದ್ದಳು.

ಈಗ ಆ ಬೆರಳುಗಳೇ ಚೀಲದಿಂದ ಫಿಲ್ಟರನ್ನು ಹೊರತೆಗೆದವು.

"ನಿಮ್ಮ ಮುಂದಽ ಕೊಯ್ದು ನೋಡೋಣ್ರಿ," ಎಂದಳು.

ಗರಗಸ ಮುಟ್ಟಲಿಲ್ಲ. ಗರಗಸದ ಪುಡಿ ಒಳಗೆ ಬಿದ್ದರೆ ಯಾವುದು ಎಂಜಿನ್ನಿನ ಸವೆತ, ಯಾವುದು ಗರಗಸದ್ದು ಎಂದು ಯಾರೂ ಹೇಳಲಾರರು. ಡಬ್ಬಿಯ ಅಂಚನ್ನು ಸುತ್ತಿ ಕತ್ತರಿಸುವ ಬಳೆಯಂಥ ಕಟರನ್ನು ಬಿಗಿದು, ಸುತ್ತು ಸುತ್ತಾಗಿ ತಿರುಗಿಸಿದಳು. ತಗಡು ಕಿರುಗುಟ್ಟಿತು. ಮೂವರು ಗಂಡಸರ ಉಸಿರಿಗಿಂತ ಆ ಸದ್ದೇ ದೊಡ್ಡದಾಗಿತ್ತು.

ತಳ ಕಳಚಿ ಬಂತು. ಒಳಗಿನ ಕಾಗದದ ಮಡಿಕೆಗಳು ಒತ್ತೊತ್ತಾಗಿ, ಸಮನಾಗಿದ್ದವು. ಒಂದೂ ಹರಿದಿರಲಿಲ್ಲ. ಸ್ಪ್ರಿಂಗು ಗಟ್ಟಿಯಿತ್ತು. ರಬ್ಬರು ಮೆತ್ತಗಿತ್ತು.

"ಅಸಲಿ ಮಾಲೇ ಐತ್ರಿ."

"ಹಂಗಾರ ದೀಪ ಯಾಕ ಆರವಲ್ಲದು?" ರಾಘಣ್ಣನವರು ಬಿಡಲಿಲ್ಲ. "ನೋಡಾಕ ಅಸಲಿ ಕಂಡ್ರ ಆತೇನು?"

ಪ್ರಶ್ನೆ ನ್ಯಾಯವಾಗಿತ್ತು. ಅವಳು ರಬ್ಬರಿನ ಅಂಚನ್ನು ಎತ್ತಿ, ಬೆರಳನ್ನು ಸುತ್ತಲೂ ಆಡಿಸಿದಳು. ಅರ್ಧ ಸುತ್ತಿಗೆ ಏನೋ ತಡೆಯಿತು. ಸಣ್ಣದು, ಗಟ್ಟಿ. ಉಗುರಿನಿಂದ ಮೀಟಿ ತೆಗೆದು ಬಟ್ಟೆಯಲ್ಲಿ ಒರೆಸಿದಳು.

ಅಕ್ಕಿಯ ಕಾಳು. ಎಣ್ಣೆ ಹೋದ ಮೇಲೂ ಅದಕ್ಕೆ ಅರಿಸಿನಗೆಂಪಿನ ಬಣ್ಣವಿತ್ತು. ಎದುರಿಗೆ ನಿಂತಿದ್ದ ರಾಘಣ್ಣನವರ ಹಣೆಯ ಮೇಲೆ, ಅಂಗಾರದ ಕಪ್ಪು ಗೆರೆಯ ಕೆಳಗೆ, ಅದೇ ಬಣ್ಣದ ಬೊಟ್ಟು. ಮಂತ್ರಾಲಯದ ಮಂತ್ರಾಕ್ಷತೆ.

ಅವಳು ಅಂಗೈ ಮುಚ್ಚಿದಳು.

ತೋರಿಸದಿದ್ದರೆ ಅಂಗಡಿ ಹೋಗುತ್ತದೆ. ತೋರಿಸಿದರೆ, ನಿಮ್ಮ ಮನೆಯ ಅಕ್ಷತೆಯೇ ಗಾಡಿ ಕೆಡಿಸಿತು ಎಂದು ವೈಷ್ಣವರ ಯಜಮಾನರಿಗೆ ಶೈವರ ಮನೆಯ ಹುಡುಗಿ ಹೇಳಿದಂತಾಗುತ್ತದೆ. ಆಮೇಲೆ ಆ ಮನೆಯ ಬಾಗಿಲು ಅವಳಿಗೆ ಎಂದಾದರೂ ತೆರೆದೀತೆ? ಆದರೆ ಕಾರಣ ತಿಳಿಯದೆ ಹೋದರೆ ನಾಳಿನ ಹೊಸ ಫಿಲ್ಟರಿಗೂ ಕಾಳು ಬೀಳುತ್ತದೆ. ಒಂದು ದಿನ ಎಂಜಿನ್ನೇ ಹೋಗುತ್ತದೆ.

ಅಂಗೈ ಬಿಚ್ಚಿ ಮುಂದೆ ಹಿಡಿದಳು. "ಈ ಕಾಳು ರಬ್ಬರಿನ ಸಂದ್ಯಾಗ ಕುಂತಿತ್ರಿ. ಸಂದಿ ಮುಚ್ಚಲಿಲ್ಲ. ನಿಂತ ಗಾಡ್ಯಾಗ ಎಣ್ಣಿ ಎಲ್ಲಾ ಕೆಳಗ ಇಳದೈತಿ."

ರಾಘಣ್ಣನವರ ಕಿವಿ ಕೆಂಪಾಯಿತು. "ರಾಯರ ಅಕ್ಷತಿಯಿಂದ ಗಾಡಿ ಕೆಟ್ಟಿತು ಅಂತೀಯೇನು?"

"ರಾಯರ ತಪ್ಪಲ್ರಿ. ಕಾಳು ಬೀಳಬಾರದ ಜಾಗಾದಾಗ ಬಿದ್ದೈತಿ."

"ನಮ್ಮನಿಯೊಳಗ ಸ್ಟೇರಿಂಗಿಗೆ ಅಕ್ಷತಿ ಹಾಕ್ತೀವಿ, ಬಾನೆಟ್ಟಿಗೆ ಹಾಕ್ತೀವಿ. ಫಿಲ್ಟರಿಗೆ ಯಾವ ಹುಚ್ಚ ಹಾಕ್ತಾನ? ಇದು ಇಲ್ಲೇ ಬಿದ್ದದ್ದು."

"ಇಲ್ಲಪ್ಪಾ," ವಿಠಲ್ ತಲೆ ಎತ್ತಿದ. "ನಾನಽ ಹಾಕಿದ್ದೆ."

ಬೀದಿಯಲ್ಲಿ ಹತ್ತಿಯ ಲಾರಿಯೊಂದು ಹಾದುಹೋಯಿತು.

"ಯಾಕ?" ಎಂದರು ರಾಘಣ್ಣ.

"ರಟ್ಟಿನ ಡಬ್ಬಿ ಬಿಚ್ಚಿ ಫಿಲ್ಟರ್ ದೇವರ ಮುಂದ ಇಟ್ಟಿದ್ದೆ."

"ಅದಽ ಯಾಕ ಅಂತ ಕೇಳಿದೆ."

ವಿಠಲ್ ಕೊಯ್ದ ಫಿಲ್ಟರಿನ ಕಡೆ ಕೈ ತೋರಿಸಿದ. "ಇದನ್ನ ಆರಿಸಿ ಕೊಟ್ಟಾಕಿ ನಮ್ಮನಿಗೆ ಬರಬೇಕು ಅಂತ ಬೇಡಿಕೊಂಡೆ. ಆಕಿ ಕೈಲಿಂದ ಬಂದದ್ದು ನನ್ನ ಹತ್ರ ಇದೊಂದೇ ಇತ್ತು."

ಶೋಭಾರಾಣಿಯ ಕೈಯಲ್ಲಿದ್ದ ಬಟ್ಟೆ ಕೌಂಟರಿನ ಮೇಲೆ ಬಿತ್ತು. ಅಪ್ಪನ ಕಡೆ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ರಾಘಣ್ಣನವರು ಸ್ಟೂಲ್ ಎಳೆದುಕೊಂಡು ಕುಳಿತರು. "ರಾಯರನ್ನ ಕೇಳೀದಿ. ನನ್ನ ಕೇಳಿಲ್ಲ. ಆಕಿನ್ನಾದ್ರೂ ಕೇಳೀಯೇನು?" ಎಂದರು.

"ಇಲ್ಲ."

"ಭಾಳ ಚೆಂದ ಆತು." ಅವರು ಅವಳತ್ತ ತಿರುಗಿದರು. "ನಿನ್ನ ಮಾಲು ಸರಿ ಅದ, ತಾಯಿ. ಮುಚ್ಚಿದ ಕೈ ಮುಚ್ಚಿಕೊಂಡೇ ಇರಬಹುದಿತ್ತು, ನೀ ಬಿಚ್ಚಿ ತೋರಿಸಿದಿ. ನಾ ಮಾತು ತಪ್ಪಿ ಆಡಿದೆ."

ಗುರುಪಾದಯ್ಯ ಪೇಪರ್ ಮಡಚಿಟ್ಟು ಎದ್ದರು. "ಸೋಮೇಶಗ ನಾ ಹೇಳ್ತೀನಿ, ಈ ಅಂಗಡಿ ಆಸೆ ಬಿಡಪಾ ಅಂತ." ಮಗಳ ಮುಖ ನೋಡದೆಯೇ ಮೆಟ್ಟಿಲ ಕಡೆ ನಡೆದರು. "ರಾಘಣ್ಣಾರೆ, ಗಾಡಿ ಎಲ್ಲಿ ನಿಲ್ಲಿಸೀರಿ? ಬರ್ರಿ, ನೋಡೋಣು."

"ಗಾಡಿ ಒಂದೇ ನೋಡೋದೇನು?"

"ಮೊದಲ ಗಾಡಿ. ಉಳಿದದ್ದು ತರ್ವಾತ ಚೂದ್ದಾಂ, ಆಮ್ಯಾಲ ನೋಡೋಣು."

ಹಿರಿಯರಿಬ್ಬರೂ ಬಿಸಿಲಿಗಿಳಿದು ಬಾನೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಮಾತಾಡಿದಂತೆ ಕಾಣಲಿಲ್ಲ. ಜಗಳವಾಡಿದಂತೆಯೂ ಕಾಣಲಿಲ್ಲ.

"ನನ್ನ ಕೇಳಾಕ ಹೆದರಿಕಿ ಬಂತೇನ್ರಿ?" ಶೋಭಾರಾಣಿ ಮೆಲ್ಲಗೆ ಕೇಳಿದಳು.

"ಬಂತು. ಈಗೂ ಅದ."

"ಹೆದರಿಕೊಂತಽ ಕೇಳ್ರಿ."

ಅವನು ಕೌಂಟರಿನ ಹತ್ತಿರ ಬಂದ. ಮೊದಲ ಸಲ ಏಕವಚನದಲ್ಲಿ ಕೇಳಿದ. "ನಮ್ಮನಿಗೆ ಬರ್ತೀಯೇನು?"

"ಬರ್ತೀನಿ. ಆದ್ರ ಅಂಗಡಿ ಬಿಡಂಗಿಲ್ಲ."

"ಬಿಡು ಅಂದವರ್ಯಾರು?"

ಅವನು ಕೈ ಚಾಚಿದ. ಅವಳು ತನ್ನ ಕಪ್ಪಾದ ಬೆರಳುಗಳನ್ನು ಹಿಂದಕ್ಕೆಳೆದುಕೊಂಡಳು.

"ಎಣ್ಣಿ ಹತ್ತತೈತಿ."

"ಹತ್ತಲಿ," ಎಂದ ವಿಠಲ್. ಚಾಚಿದ ಕೈಯನ್ನು ಅವನು ಹಿಂದೆಗೆಯಲಿಲ್ಲ.