ಸಿಟ್ಟಿಳಿಸುವ ಸಂಗೀತ

ಕಸ್ತೂರಿ ಪತ್ತಾರಳ ಕಿವಿಯೊಳಗಿನ, ಸಂಗೀತ ಕೇಳಿಸುವ ಪುಟ್ಟ ಮಣಿ ಅವಳ ನಾಡಿ ಏರುತ್ತಿರುವುದನ್ನು ಗುರುತಿಸಿ ಕೊಳಲು ನುಡಿಸತೊಡಗಿತು. ನವಿಲಹಳ್ಳ ಪಟ್ಟಣದ ನೀರಿನ ಕಚೇರಿಯಲ್ಲಿ, ಎಂಜಿನಿಯರ್ ಹೊಸಮನಿಯ ಮೇಜಿನ ಮೇಲೆ ಅವಳು ಆಗಷ್ಟೇ ಒಂದು ಬಾಟಲಿಯನ್ನು ಕುಕ್ಕಿದ್ದಳು. ಅದರಲ್ಲಿದ್ದುದು ಅವಳ ಓಣಿಯ ನಲ್ಲಿಯ ನೀರು. ಗಟಾರದ ವಾಸನೆ ಹೊಡೆಯುತ್ತಿತ್ತು.

"ಈ ನೀರು ಕುಡದು ನನ್ನ ಮಗಳಿಗೆ ಕಾಮಣಿ ಆಗೇತ್ರೀ. ನಿಮ್ಮ ಮನ್ಯಾಗ ಇದನ್ನ ಕುಡೀತೀರೇನು?" ಎಂದು ಶುರುಮಾಡಿದವಳಿಗೆ ಮುಂದಿನ ಮಾತು ಹೊರಡಲಿಲ್ಲ. ಕೊಳಲಿನ ಹಿಂದೆ ತಂಬೂರಿ ಸೇರಿತು. ಬಿಗಿದ ಮುಷ್ಟಿ ತಾನಾಗಿ ಸಡಿಲವಾಯಿತು.

"ನೋಡೋಣ್ರೀ ಅಕ್ಕಾರ," ಎಂದ ಹೊಸಮನಿ ಚಹಾ ತರಿಸಿದ. ಅವಳು ಕುಡಿದು, ನಮಸ್ಕಾರ ಹೇಳಿ ಎದ್ದು ಬಂದಳು.

ಮನೆಯಲ್ಲಿ ಮಣಿ ತೆಗೆದಿಟ್ಟು ಮಗಳ ಹಳದಿ ಕಣ್ಣು ನೋಡಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನಿಗೆ ನಮಸ್ಕಾರ!

ಮಣಿಯಲ್ಲಿ ನುಡಿಯುತ್ತಿದ್ದುದು 'ಸಮಗಾನ' ಎಂಬ, ಚಂದಾ ಕಟ್ಟಿ ಕೇಳುವ ಸಂಗೀತದ ಆ್ಯಪ್. ಕೇಳುಗರು ಹಾಡು ಆರಿಸಬೇಕಿಲ್ಲ. ಮಣಿಯು ಕಿವಿಯ ರಕ್ತನಾಳದ ಮಿಡಿತವನ್ನು ಅಳೆಯುತ್ತದೆ. ಅದಕ್ಕೆ ತಕ್ಕಂತೆ 'ನಾಡಿಯಂತ್ರ' ಆ ಕ್ಷಣಕ್ಕೊಂದು ರಾಗ ಹೆಣೆಯುತ್ತದೆ. ಏನಾದಾಗ ಯಾರ ನಾಡಿ ಇಳಿಯಿತೆಂದು ತಾನೇ ಕಲಿಯುತ್ತದೆ, ಒಬ್ಬರಿಂದ ಕಲಿತದ್ದನ್ನು ಊರಿಗೆಲ್ಲ ಬಳಸುತ್ತದೆ. ಮೊದಲ ತಿಂಗಳು ಪುಕ್ಕಟೆ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಕಸ್ತೂರಿಯೂ ಹಾಕಿ ನೋಡುತ್ತಿದ್ದಳು. ಓಣಿಯ ಎಲ್ಲರ ಕಿವಿಯಲ್ಲೂ ಅದಿತ್ತು. ಮನೆಮನೆಯಲ್ಲಿ ಕಾಯಿಲೆಯಿದ್ದರೂ ಒಬ್ಬರೂ ದನಿ ಎತ್ತದಿದ್ದುದು ಏಕೆಂದು ಅವಳಿಗೀಗ ಹೊಳೆಯಿತು.

ನೆಟ್ಟಗೆ ಸಮಗಾನದ ಕಚೇರಿಗೆ ಹೋದಳು. ನಾಡಿಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾ. ಪ್ರಹ್ಲಾದ ಗಲಗಲಿ ಕುರ್ಚಿ ತೋರಿಸಿದರು. ಅವಳು ಕೂಡಲಿಲ್ಲ, ಮಣಿಯನ್ನು ಮತ್ತೆ ಕಿವಿಗೆ ತುರುಕಿಕೊಂಡಳು.

"ಇದು ನನ್ನ ಬಾಯಿ ಹ್ಯಾಂಗ ಮುಚ್ಚತೈತಿ, ನೋಡ್ರಿ."

"ಸಿಟ್ಟು ಹೃದಯಕ್ಕ ಕೆಟ್ಟದ್ದಮ್ಮಾ. ನಾವು ಯಂತ್ರಕ್ಕ ಹೇಳಿದ್ದು ಒಂದ ಮಾತು: ಹ್ಯಾಂಗರ ಮಾಡಿ ನಾಡಿ ಇಳಸು. ಅದರಾಗ ತಪ್ಪೇನದ?"

"ನನ್ನ ಕೂಸು ನರಳತೈತಿ! ನನಗ ಸಿಟ್ಟು ಬರಬಾರದೇನು? ಸಿಟ್ಟು ನಂದು. ಅದನ್ನ ಕಸಗೊಳ್ಳಾಕ ನೀವ್ಯಾರು?"

ಕೊಳಲು ಬಂತು; ಈ ಸಲ ಅದರ ಆಟ ಗೊತ್ತಿದ್ದ ಕಸ್ತೂರಿ ಅದಕ್ಕಿಂತ ಜೋರಾಗಿ ಕೂಗಿದಳು. ತಂಬೂರಿ ಬಂತು; ಮೇಜು ಗುದ್ದಿದಳು. ಹೊಸಮನಿಗೆ ಹೇಳಬೇಕಿದ್ದನ್ನೆಲ್ಲ ಗಲಗಲಿಯವರಿಗೆ ಹೇಳಿ ಮುಗಿಸಿದಾಗ, ಅವರ ಮೇಜಿನ ಕಂಪ್ಯೂಟರ್ ತೆರೆಯ ಮೇಲೆ ಅವಳ ನಾಡಿಯ ಗೆರೆ ಸರ್ರನೆ ಇಳಿಯಿತು. ಯಾವ ರಾಗಕ್ಕೂ ಅದು ಅಷ್ಟು ಇಳಿದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಗಲಗಲಿ ಅದನ್ನು ನೋಡಲಿಲ್ಲ. ನಾಡಿಯಂತ್ರ ನೋಡಿತು.

ಮರುದಿನ ಬೆಳಿಗ್ಗೆ ನವಿಲಹಳ್ಳದಲ್ಲಿ ಸಿಟ್ಟಿದ್ದವರ ಕಿವಿಗಳಲ್ಲೆಲ್ಲ ಕೊಳಲಿಗೆ ಬದಲಾಗಿ ತಮಟೆಯಂಥ ಹಲಗೆ ಬಡಿಯತೊಡಗಿತು. ಎಲ್ಲರಿಗೂ ಒಂದೇ ತಾಳ. ರೊಟ್ಟಿ ಬಡಿಯುತ್ತಿದ್ದವರು ಕೊಡ ಹಿಡಿದು ಎದ್ದರು. ನೋಡನೋಡುತ್ತಲೇ ನೀರಿನ ಕಚೇರಿಯ ಮುಂದೆ ಕಾಲಿಡಲು ಜಾಗವಿಲ್ಲದಾಯಿತು.

ಗುಂಪಿನ ನಡುವೆ ನಿಂತಿದ್ದ ಕಸ್ತೂರಿಯ ಫೋನು ಹೊಡೆದುಕೊಂಡಿತು. "ಅಮ್ಮಾ, ಇದು ನಾವು ಕಲಿಸಿದ್ದಲ್ಲ," ಎಂದರು ಗಲಗಲಿ. "ಒದರಿದರ ನಾಡಿ ಇಳೀತದಂತ ನಿಮ್ಮಿಂದ ಕಲತದ. ಈಗ ಬಂದ್ ಮಾಡ್ಲಿಕ್ಕತ್ತೇವಿ."

"ಮಾಡ್ರಿ," ಎಂದಳು.

ಹಲಗೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಮನೆಯ ಬೀಬಿಜಾನ್ ಮಣಿಯನ್ನು ಕಿತ್ತು ಒಗೆದು, ಖಾಲಿ ಕೊಡವನ್ನು ಗೇಟಿಗೆ ಬಡಿದಳು. "ಯಾಕ ನಿಂತಿ ಕಸ್ತೂರಕ್ಕಾ? ಒದರು!"

ಸಂಜೆಯೊಳಗೆ ನೀರಿನ ಕಚೇರಿಯವರು ಓಣಿಯ ರಸ್ತೆ ಅಗೆದರು. ಒಡೆದ ನೀರಿನ ಪೈಪು ಗಟಾರದಲ್ಲೇ ಮುಳುಗಿತ್ತು. ಗುಂಡಿಯ ಅಂಚಿನಲ್ಲಿ ನಿಂತ ಹೊಸಮನಿ ಮೆಲ್ಲಗೆ ಕೇಳಿದ: "ಈಗರೆ ಸಮಾಧಾನ ಆತೇನ್ರೀ ಅಕ್ಕಾರ?"

"ಇಲ್ಲ," ಎಂದಳು ಕಸ್ತೂರಿ. "ನನ್ನ ಮಗಳು ಎದ್ದು ಅಡ್ಡಾಡಲಿ. ಆಮ್ಯಾಲೆ ಕೇಳ್ರಿ."