ಕೇಸು ಅಳಿಯಿತು, ಅವನು ಉಳಿದ

"ವಕೀಲರೇ, ಮೊದಲೇ ಹೇಳಿಬಿಡ್ತೀನಿ... ಆ ಕಾರಿನ ಗಾಜು ಒಡೆದಿದ್ದು ನಾನೇ."

ಎದುರಿಗಿದ್ದವನಿಗೆ ಬಾಯಿ ತೆರೆಯಲೂ ಬಿಡದೆ ರೋಷೆಲ್ ಕುರ್ಚಿ ಎಳೆದುಕೊಂಡು ಕೂತಳು. ಅಮೆರಿಕದ ಟೊಲೀಡೊ ಊರಿನ ಆ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ವಕೀಲರು ಬಂದು ಕೂರುತ್ತಾರೆ, ಶಿಕ್ಷೆ ಮುಗಿದ ಹಳೆಯ ಕೇಸುಗಳನ್ನು ಕೋರ್ಟಿನ ದಾಖಲೆಯಿಂದ ಅಳಿಸಿಹಾಕಲು ಬಿಟ್ಟಿಯಾಗಿ ಸಹಾಯ ಮಾಡುತ್ತಾರೆ ಎಂದು ಕೇಳಿ ಬಂದಿದ್ದಳು. ಇಡೀ ಕೋಣೆಯಲ್ಲಿ ಕೋಟು ಹಾಕಿ ಟೈ ಕಟ್ಟಿದ್ದವನು ಇವನೊಬ್ಬನೇ. ಅಗಲ ಭುಜ, ಶಾಂತವಾದ ಕಣ್ಣು. ವಕೀಲನಾಗಲು ಇನ್ನೇನು ಬೇಕು?

"ನೋಡಿ, ನಾನು..." ಎಂದ ಅವನು.

"ತಡೀರಿ, ಮಧ್ಯೆ ಮಾತಾಡಿದ್ರೆ ಮರೆತುಹೋಗತ್ತೆ. ನನ್ನ ಬರ್ತ್‌ಡೇ ಅವತ್ತು. ಡ್ವೇನ್ ಅಂತ ಒಬ್ಬನನ್ನ ಪ್ರೀತಿಸ್ತಿದ್ದೆ. ಪಾರ್ಟಿಗೆ ಬಂದ, ಪಕ್ಕದಲ್ಲಿ ಇನ್ನೊಬ್ಬಳು. ನನ್ನ ಕಾರಿನ ಡಿಕ್ಕಿಯಲ್ಲಿ ಕಬ್ಬಿಣದ ಸಲಾಕೆ ಇತ್ತು. ಚಿಕ್ಕ ವಯಸ್ಸು, ತಲೆ ಕೆಟ್ಟಿತ್ತು... ಅವನ ಕಾರಿಂದು ನಾಲ್ಕೂ ಕಡೆ ಗಾಜು ಪುಡಿ ಮಾಡ್ದೆ."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ರೋಷೆಲ್ ಶುರು ಮಾಡಿದರೆ ನಿಲ್ಲಿಸುವವಳಲ್ಲ. ಆಸ್ಪತ್ರೆಯ ಬಟ್ಟೆ ಸಾಗಿಸುವ ವ್ಯಾನು ಓಡಿಸುತ್ತಿರುವುದು, ಸ್ಕೂಲ್ ಬಸ್ ಓಡಿಸಬೇಕೆಂಬ ಆಸೆ, ಆ ಕೆಲಸ ಕೇಳಲು ಹೋದಾಗಲೆಲ್ಲ ಈ ಕೇಸಿನ ನೆಪ ಹೇಳಿ ಬಾಗಿಲು ಹಾಕಿದ್ದು ಎಲ್ಲವೂ ಹೊರಬಂತು. ಡ್ವೇನ್‌ಗಾಗಿ ಅತ್ತಿದ್ದೂ ಬಂತು. ಕೊನೆಗೆ ಮೂಗು ಸೀಟಿಕೊಳ್ಳಲು ಅವನ ಕರವಸ್ತ್ರವನ್ನೇ ತೆಗೆದುಕೊಂಡಳು.

"ಈಗ ಹೇಳಿ, ಅಳಿಸೋಕಾಗತ್ತಾ?"

"ಆಗ್ಲಿ ಅಂತ ನನಗೂ ಆಸೆ. ಆದ್ರೆ ನಾನು ವಕೀಲ ಅಲ್ಲ. ನನ್ನ ಕೇಸು ಅಳಿಸೋಕಾಗತ್ತಾ ಅಂತ ಕೇಳೋಕೆ ಬಂದೋನು. ಚರ್ಚಿಗೆ ಹೋಗ್ತಿದ್ದೀಯ, ಸೂಟ್ ಹಾಕ್ಕೊಂಡು ಹೋಗು ಅಂದ್ರು ನಮ್ಮಮ್ಮ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಹರಿದ ಜೀನ್ಸ್, ತಲೆಗೊಂದು ಟೋಪಿ ಹಾಕಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ವಕೀಲೆ ನಾನು. ಬ್ರಿಜೆಟ್."

ರೋಷೆಲ್‌ಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸೂಟಿನವನ ಕಡೆ ತಿರುಗಿದಳು. "ಅಷ್ಟೊತ್ತು ಬಾಯಿ ಮುಚ್ಕೊಂಡು ಕೇಳಿಸ್ಕೊಂಡ್ಯಲ್ಲ, ನಿನಗೆ ನಾಚಿಕೆ ಆಗಲ್ವಾ?"

"ಬಾಯಿ ತೆಗೆಯೋಕೆ ನೀವೆಲ್ಲಿ ಬಿಟ್ರಿ?" ಎಂದ ಅವನು. ಹೆಸರು ಲಿಯಾಂಡರ್. ಮಾತಿಗಿಂತ ನಗುವೇ ಹೆಚ್ಚು, ಆ ನಗುವೂ ಚೆನ್ನಾಗಿತ್ತು, ಹಾಳಾದ್ದು.

ಅಂದಿನಿಂದ ಇಬ್ಬರೂ ಮತ್ತೆ ಮತ್ತೆ ಸಿಗತೊಡಗಿದರು. ಅದೇ ಚರ್ಚಿನಲ್ಲಿ ಪ್ರತಿ ಶುಕ್ರವಾರ ಸಂಜೆ ಮೀನು ಕರಿಯುವವನು ಅವನೇ ಎಂದು ತಿಳಿದ ಮೇಲೆ ಅವಳಿಗೆ ಶುಕ್ರವಾರಗಳಲ್ಲಿ ವಿಪರೀತ ಹಸಿವಾಗತೊಡಗಿತು. ಅವಳು ತಿನ್ನುತ್ತಾ ಮಾತಾಡುವಳು, ಅವನು ಕರಿಯುತ್ತಾ ಕೇಳುವನು. ಅವನ ಕೇಸಿನ ಸುದ್ದಿ ಎತ್ತಿದರೆ ಮಾತ್ರ, "ಇನ್ನೊಂದು ಮೀನು ಹಾಕ್ಲಾ?" ಎನ್ನುವನು.

'ನನ್ನದೆಲ್ಲ ಗೊತ್ತು ಇವನಿಗೆ... ಇವನದು ಒಂದೂ ಗೊತ್ತಿಲ್ಲ ನನಗೆ.' ಈ ಯೋಚನೆ ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಕೋರ್ಟಿನ ದಿನ ಬಂತು. ಬ್ರಿಜೆಟ್ ಅವತ್ತು ಕೋಟು ಹಾಕಿದ್ದಳು. "ಒಂದೇ ಒಂದು ಭಯ," ಎಂದಳು. "ಡ್ವೇನ್‌ಗೆ ಕೋರ್ಟಿಂದ ತಿಳಿಸಿದ್ದಾರೆ. ಅವನು ಬಂದು ಬೇಡ ಅಂದ್ರೆ ಕಷ್ಟ."

ರೋಷೆಲ್ ಕೋರ್ಟಿನ ಪಡಸಾಲೆಯ ಮೂಲೆ ತಿರುಗಿದಳು. ಅಲ್ಲಿ, ಕಿಟಕಿಯ ಹತ್ತಿರ, ಹೊಟ್ಟೆ ಬೆಳೆಸಿಕೊಂಡ ಡ್ವೇನ್ ನಿಂತಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದವನು ಲಿಯಾಂಡರ್!

ಅವಳ ಕಾಲು ಅಲ್ಲೇ ನಿಂತಿತು. ಅವತ್ತು ಅತ್ತು ಹೇಳಿಕೊಂಡಿದ್ದನ್ನೆಲ್ಲ ಈ ಡ್ವೇನ್‌ನ ಹತ್ತಿರ ಹೇಳಿ ನಗುತ್ತಿದ್ದಾನೆಯೇ? ಲಿಯಾಂಡರ್ ಅವಳನ್ನು ನೋಡಿ ಹತ್ತಿರ ಬಂದ.

"ರೋಷೆಲ್, ನಾನು ಹೇಳೋಣ ಅಂತ..."

"ಬೇಡ. ನೀನು ಮಾತಾಡಬೇಕಾದಾಗ ಮಾತಾಡಲಿಲ್ಲ. ಈಗ ಬೇಡವೇ ಬೇಡ."

ಅವಳು ಒಳಗೆ ಹೋಗಿಬಿಟ್ಟಳು.

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದರು. "ಯಾರದಾದರೂ ಆಕ್ಷೇಪಣೆ ಇದೆಯಾ?"

ಡ್ವೇನ್ ಎದ್ದು ನಿಂತ. ರೋಷೆಲ್ ಬ್ರಿಜೆಟ್‌ಳ ಕೈ ಹಿಸುಕಿದಳು.

"ಇಲ್ಲ ಮೇಡಂ. ಅವಳು ಗಾಜು ಒಡೆದಿದ್ದು ತಪ್ಪೇ. ಆದ್ರೆ ಅವಳ ಬರ್ತ್‌ಡೇಗೆ ಇನ್ನೊಬ್ಬಳನ್ನ ಕಾರಲ್ಲಿ ಕೂರಿಸ್ಕೊಂಡು ಬಂದೋನು ನಾನು. ನಾನು ಬರೋದೇ ಬೇಡ ಅಂದ್ಕೊಂಡಿದ್ದೆ. ಆ ಮೀನು ಕರಿಯೋ ಲಿಯಾಂಡರ್ ನನ್ನ ಗ್ಯಾರೇಜಿಗೆ ಬಂದು, ನಿನ್ನ ಇಬ್ಬರು ಮಕ್ಕಳೂ ಅವಳ ಬಸ್ಸಲ್ಲೇ ಸ್ಕೂಲಿಗೆ ಹೋಗಬಹುದಲ್ವಾ ಅಂದ. ಹೌದಲ್ಲ ಅನ್ನಿಸ್ತು. ಅವಳು ಕಾರು ಒಡೀತಾಳೆ, ಓಡಿಸೋದು ಮಾತ್ರ ಬಹಳ ಹುಷಾರು."

ಕೋರ್ಟು ನಕ್ಕಿತು. ನ್ಯಾಯಾಧೀಶೆಯೂ ತುಟಿ ಕಚ್ಚಿಕೊಂಡರು. ರೋಷೆಲ್‌ಗೆ ಮಾತ್ರ ಕಣ್ಣು ತುಂಬಿತು. ಎಂಥಾ ಮಾತಾಡಿಬಿಟ್ಟೆ ಅವನಿಗೆ...

"ಈ ಕೇಸನ್ನು ಅಳಿಸಲು ಆದೇಶಿಸಿದ್ದೇನೆ," ಎಂದರು ನ್ಯಾಯಾಧೀಶೆ. "ಹೋಗಮ್ಮ, ಬಸ್ ಓಡಿಸು."

ಬ್ರಿಜೆಟ್ ಅವಳನ್ನು ತಬ್ಬಿ ಕುಣಿದಳು. ರೋಷೆಲ್ ಅತ್ತಳು, ನಕ್ಕಳು, ಡ್ವೇನ್‌ನ ಕೈ ಕುಲುಕಿದಳು. ಹೊರಗೆ ಓಡಿ ಬಂದು ನೋಡಿದರೆ ಲಿಯಾಂಡರ್ ಇರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಅವತ್ತು ಶುಕ್ರವಾರ. ಎಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು.

ಚರ್ಚಿನ ಹಿಂದೆ ದೊಡ್ಡ ಬಾಣಲೆಯ ಮುಂದೆ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಅವನು ನಿಂತಿದ್ದ. ಅವಳನ್ನು ಕಂಡವನೇ ತಲೆ ತಗ್ಗಿಸಿದ.

"ನನ್ನದು ತಪ್ಪಾಯ್ತು," ಎಂದಳು ರೋಷೆಲ್. "ಅಷ್ಟಕ್ಕೇ ಓಡಿಬಂದ್ಯಾ?"

"ಅದಕ್ಕಲ್ಲ. ನಿನ್ನ ಹೆಸರು ಈಗ ಚೊಕ್ಕ ಆಯ್ತು. ನನ್ನದು ಆಗಲ್ಲ. ನನ್ನದರಂಥ ಕೇಸನ್ನ ಅಳಿಸೋಕೆ ಬರಲ್ಲ ಅಂತ ಬ್ರಿಜೆಟ್ ಆ ಮೊದಲ ಶನಿವಾರವೇ ಹೇಳಿಬಿಟ್ಲು."

"ಏನು ಮಾಡಿದ್ದೆ?"

ಅವನು ಉರಿ ಸಣ್ಣ ಮಾಡಿದ. "ನನ್ನ ಅಣ್ಣ ಪೆಟ್ರೋಲ್ ಬಂಕ್ ದೋಚಿದ. ಕಾರು ಓಡಿಸಿದ್ದು ನಾನು. ಏನು ಮಾಡೋಕೆ ಹೋಗ್ತಿದ್ದಾನೆ ಅಂತ ಗೊತ್ತಿತ್ತು ನನಗೆ. ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಅಲ್ಲಿದ್ದ ಹುಡುಗಿಗೆ ಪೆಟ್ಟಾಗ್ಲಿಲ್ಲ, ಆದ್ರೆ ಎಷ್ಟು ಹೆದರಿದ್ಲೋ... ಜೈಲಲ್ಲಿ ದಿನಾ ಅವಳೇ ನೆನಪಾಗ್ತಿದ್ಲು."

ರೋಷೆಲ್ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಅವಳು ಹಾಗೆ ಕೇಳಿದ್ದನ್ನು ಅವನು ನೋಡಿದ್ದು ಅದೇ ಮೊದಲು.

"ಇದನ್ನ ಹೇಳಿದ್ರೆ ನೀನು ಎದ್ದು ಹೋಗ್ತೀಯ ಅಂತ ಭಯ ಆಯ್ತು," ಎಂದ. "ನಾಳೆ ನಿನ್ನ ಗಂಡನ ಮೇಲೆ ಕೇಸಿದೆಯಂತೆ ಅಂತ ಜನ..."

"ಗಂಡನಾ? ಇನ್ನೂ ಕೇಳೇ ಇಲ್ಲ, ಆಗ್ಲೇ ಗಂಡ ಆಗಿಬಿಟ್ಯಾ?"

ಅವನ ಕಿವಿಯವರೆಗೂ ಬಿಸಿಯೇರಿತು. ಜಾಲರಿ ಸೌಟು ಕೆಳಗಿಟ್ಟ.

"ಲಿಯಾಂಡರ್, ನನ್ನ ಕೇಸು ಅಳಿಸಿ ಅಂತ ಕೇಳಿದ್ದೆ ಕೋರ್ಟನ್ನ. ನಿನ್ನನ್ನ ಅಳಿಸಿ ಅಂತ ಕೇಳಲಿಲ್ಲ."

ಅವನ ಕಣ್ಣಂಚಿನಲ್ಲಿ ನೀರು ಬಂತು. ಎಣ್ಣೆಯ ಹೊಗೆ ಎಂದು ಹೇಳಿ ತಪ್ಪಿಸಿಕೊಳ್ಳಲೂ ಇಲ್ಲ.

"ಹಾಗಾದ್ರೆ... ಈಗ ಕೇಳ್ಲಾ?"

"ಕೇಳು."

"ನನ್ನ ಹೆಸರಿನ ಜೊತೆ ಅದು ಕೊನೇವರೆಗೂ ಇರತ್ತೆ, ರೋಷೆಲ್. ಇದ್ರೂ ನನ್ನ ಮದುವೆ ಆಗ್ತೀಯಾ?"

"ಇರಲಿ ಬಿಡು," ಎಂದು ಅವಳು ಅವನ ಹಿಟ್ಟು ಮೆತ್ತಿದ ಕೈಯನ್ನು ಹಿಡಿದುಕೊಂಡಳು. "ನಾನೂ ಇರ್ತೀನಲ್ಲ."