ದೀಪ ಆರುವವರೆಗೆ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರುದಾರ ಕುರ್ಚಿಯಲ್ಲಿ ಕೂರುವ ಮೊದಲೇ ಅತ್ತುಬಿಟ್ಟ. ಊರಿಗೆಲ್ಲ ‘ಗುಡುಗು’ ಎಂದೇ ಪರಿಚಿತನಾದ ಡಿಜೆ ಅವನು. ತನ್ನ ಹನ್ನೊಂದು ಸಾವಿರ ಹಾಡು ಕಳುವಾಗಿವೆ ಎಂದ.

“ಹಾಡು ಕಳುವಾಗೋದು ಹೇಗ್ರೀ?” ಎಂದರು ಇನ್‌ಸ್ಪೆಕ್ಟರ್. ಮೂವತ್ತೊಂದು ವರ್ಷದ ಸೇವೆಯಲ್ಲಿ ಸೈಕಲ್ಲಿನಿಂದ ಹಿಡಿದು ಸೇತುವೆಯ ಕಬ್ಬಿಣದವರೆಗೆ ಎಲ್ಲದರ ಕಳವನ್ನೂ ಅವರು ಬರೆದುಕೊಂಡಿದ್ದರು. ಹಾಡಿನದು ಇದೇ ಮೊದಲು.

ಮಹಿಳಾ ಪೇದೆ ಬಿಡಿಸಿ ಹೇಳಿದಳು. ಕಳುವಾದದ್ದು ಎರಡು ಪೆನ್‌ಡ್ರೈವ್, ಒಂದು ಹಾರ್ಡ್‌ಡಿಸ್ಕ್. ಪೆನ್‌ಡ್ರೈವನ್ನು ಡಿಜೆಯ ಯಂತ್ರಕ್ಕೆ ಚುಚ್ಚಿದರೆ ಹಾಡುಗಳು ವೇಗದ ಪ್ರಕಾರ, ಶ್ರುತಿಯ ಪ್ರಕಾರ, ಜನರ ಹುರುಪಿನ ಪ್ರಕಾರ ಜೋಡಿಸಿಟ್ಟ ಹಾಗೆ ಕೈಗೆ ಸಿಗುತ್ತವೆ. ಹಾಗೆ ಜೋಡಿಸಲು ಹನ್ನೆರಡು ವರ್ಷ ಹಿಡಿದಿದೆ. ಶನಿವಾರ ಕ್ರೀಡಾಂಗಣದಲ್ಲಿ ದೊಡ್ಡ ಕಾರ್ಯಕ್ರಮ.

“ಅದಿಲ್ಲದೆ ನಾನು ಬರೀ ಕೈ ಸರ್,” ಎಂದ ಗುಡುಗು. ಆ ಒಂದು ಮಾತು ಮಾತ್ರ ನಿಜವೆಂದು ಆಮೇಲೆ ಗೊತ್ತಾಯಿತು.

ಎಫ್‌ಐಆರ್ ದಾಖಲಾಯಿತು. ಹನ್ನೆರಡೂಕಾಲಿಗೆ, ಗುಡುಗಿನ ತಂಡ ತಾಲೀಮು ನಡೆಸುತ್ತಿದ್ದ ಸಭಾಂಗಣದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿಲ್ಲ, ಪಕ್ಕದಲ್ಲೇ ಇದ್ದ ಬೆಲೆಬಾಳುವ ಯಂತ್ರಗಳನ್ನು ಯಾರೂ ಮುಟ್ಟಿಲ್ಲ. ಕ್ಯಾಮೆರಾದ ದಾಖಲೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಇಪ್ಪತ್ತೆರಡು. ತಂಡದವರು ಊಟಕ್ಕೆ ಹೋಗಿದ್ದಾರೆ. ಸ್ವಚ್ಛತೆಯವರ ಉದ್ದ ಕೋಟು, ಟೋಪಿ, ಮುಖಗವುಸು ಹಾಕಿದ ಒಬ್ಬರು ಬಂದು ಚೀಲದಿಂದ ಹಾರ್ಡ್‌ಡಿಸ್ಕ್ ತೆಗೆದರು. ಆಮೇಲೆ ಯಂತ್ರದ ಮುಂದೆ ನಿಂತು ಒಂದು ಗುಂಡಿಯನ್ನು ಒತ್ತಿ ಹಿಡಿದು ಕಾದರು. ಪುಟ್ಟ ದೀಪ ಆರಿತು. ಆಗ ಪೆನ್‌ಡ್ರೈವನ್ನು ಕಿತ್ತು, ಮುಚ್ಚಳ ಹಾಕಿ, ಜೇಬಿಗಿಳಿಸಿದರು. ಎರಡನೆಯದಕ್ಕೂ ಅದೇ ಉಪಚಾರ.

“ಕಳ್ಳನಿಗೆ ಇಷ್ಟೊಂದು ಪುರುಸೊತ್ತಾ?”

“ದೀಪ ಉರೀತಿರೋವಾಗ ಕಿತ್ರೆ ಒಳಗಿನ ಹಾಡು ಕೆಡಬಹುದು ಸರ್,” ಎಂದಳು ಪೇದೆ.

ಇನ್‌ಸ್ಪೆಕ್ಟರ್ ಆ ತುಣುಕನ್ನು ನಾಲ್ಕು ಸಲ ನೋಡಿದರು. ಕದಿಯಲು ಬಂದವರಿಗೆ ಕದ್ದ ಮಾಲಿನ ಮೇಲೆ ಇಷ್ಟು ಅಕ್ಕರೆ ಇದ್ದದ್ದನ್ನು ಅವರು ಕಂಡಿರಲಿಲ್ಲ. ಬೇರೊಂದು ಪೆನ್‌ಡ್ರೈವ್ ತರಿಸಿ ಯಂತ್ರಕ್ಕೆ ಚುಚ್ಚಿ, ತೆಗೆಯಿರಿ ಎಂದು ಗುಡುಗಿಗೆ ಹೇಳಿದರು. ಅವನು ಹಲ್ಲು ಕೀಳುವವನಂತೆ ಕಿತ್ತ. ತಂಡದ ಮೈಕಿನವನೂ ಹಾಗೇ ಕಿತ್ತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯವನಾದ್ದರಿಂದ, ಕಿತ್ತ ಮೇಲೆ ‘ನಾನಲ್ಲ ಸರ್’ ಎಂದ.

“ದೀಪ ಆರೋವರೆಗೂ ಕಾಯಲ್ವೇನಯ್ಯ?”

“ಯಾರಿಗಿದೆ ಸರ್ ತಾಳ್ಮೆ? ಇವರ ಅಕ್ಕ ಬಂದಾಗೆಲ್ಲ ಅದಕ್ಕೇ ಬಯ್ತಿದ್ರು.”

ಗುಡುಗು ಬೇರೆಲ್ಲೋ ನೋಡಿದ. ಅಕ್ಕನ ವಿಷಯ ಅವನ ದೂರಿನಲ್ಲಿ ಒಂದು ಸಾಲೂ ಇರಲಿಲ್ಲ.

ಮಂಗಳವಾರ ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಮತ್ತು ಪೇದೆ ಅಕ್ಕನ ಮನೆಗೆ ಹೋದರು. ಆಕೆಗೆ ಅರ್ಧ ದಿನ ಗ್ರಂಥಾಲಯದ ಕೆಲಸ, ಉಳಿದರ್ಧ ದಿನ ತಮ್ಮನ ಹಾಡು ಜೋಡಿಸುವ ಕೆಲಸ. ಹಿಂದಿನ ಕೋಣೆಯಲ್ಲಿ ತಮ್ಮನೇ ಕೊಟ್ಟ ಕಂಪ್ಯೂಟರು, ಹೆಡ್‌ಫೋನಿನ ಹರಿದ ಮೆತ್ತೆಗೆ ಹಳೆ ಸೀರೆಯ ತುಂಡಿನ ಹೊಲಿಗೆ.

“ಕ್ಯಾಮೆರಾದಲ್ಲಿ ಒಬ್ಬರು ಸಿಕ್ಕಿದ್ದಾರಮ್ಮ. ಗುರುತು ಸಿಗತ್ತಾ ನೋಡಿ,” ಎಂದು ಇನ್‌ಸ್ಪೆಕ್ಟರ್ ಠಾಣೆಯ ಪೆನ್‌ಡ್ರೈವ್ ಕೊಟ್ಟರು.

ಆಕೆ ನೋಡಿದರು. ಗೊತ್ತಿಲ್ಲ ಎಂದರು. ಆಮೇಲೆ ಪರದೆಯ ಮೇಲೆ ಏನನ್ನೋ ಒತ್ತಿ, ದೀಪ ಆರುವವರೆಗೆ ಕಾದು, ಪೆನ್‌ಡ್ರೈವ್ ತೆಗೆದು, ಮುಚ್ಚಳ ಹಾಕಿ ವಾಪಸು ಕೊಟ್ಟರು. ಕೊಟ್ಟ ಕೈ ಅಲ್ಲೇ ನಿಂತಿತು. ಪರದೆಯ ಮೇಲೆ ಈಗಷ್ಟೇ ಕಂಡ ಕೈ ಅದೇ ಎಂದು ಅವರಿಗೇ ಹೊಳೆದಿತ್ತು.

“ಎಲ್ಲಿಟ್ಟಿದ್ದೀರಿ?”

ಹೊಲಿಗೆ ಯಂತ್ರದ ಡ್ರಾಯರಿನಿಂದ ಮೆತ್ತನೆ ಬಟ್ಟೆಯ ಗಂಟು ಬಂತು.

“ಯಾಕಮ್ಮ?”

“ಪ್ರತಿ ಹಾಡಿನ ಪಕ್ಕ ಒಂದು ಖಾನೆ ಇರತ್ತೆ ಸಾರ್. ಯಾವುದರ ಬೆನ್ನಿಗೆ ಯಾವುದು ಹಾಕ್ಬೇಕು, ಜನ ಎಲ್ಲಿ ದಣೀತಾರೆ, ಎಲ್ಲ ಅದರಲ್ಲಿ ಬರೀತಿದ್ದೆ. ಶನಿವಾರ ಯಂತ್ರದ ಪರದೇನ ದೊಡ್ಡದಾಗಿ ಜನಕ್ಕೆ ತೋರಿಸ್ತಾರಂತೆ. ‘ಎಲ್ಲಾ ನನ್ನ ತಲೇಲೇ ಇದೆ’ ಅಂತ ಸಂದರ್ಶನದಲ್ಲಿ ಹೇಳ್ಕೊಂಡಿದ್ದಾನಲ್ಲ, ನನ್ನ ಬರಹ ಕಂಡ್ರೆ ಅವನ ಮಾನ ಹೋಗತ್ತೆ. ಈ ಕಂಪ್ಯೂಟರ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಆ ಖಾನೇನೆಲ್ಲ ಒಂದೇ ಏಟಿಗೆ ಖಾಲಿ ಮಾಡ್ದ. ಡಿಸ್ಕ್‌ನಲ್ಲಿ ಮಾತ್ರ ಉಳಿದಿತ್ತು. ಭಾನುವಾರ ಸಂಜೆ ಅದನ್ನೂ ಅಳಿಸ್ತೀನಿ ಅಂದ. ಒಂದು ಪ್ರತಿ ಕೊಡೋ ಅಂದ್ರೆ, ಆ ಕಸ ಯಾರಿಗೆ ಬೇಕಕ್ಕ ಅಂತಾನೆ.”

“ಸರಿ, ಪೆನ್‌ಡ್ರೈವ್ ಯಾಕೆ ತಗೊಂಡ್ರಿ?”

“ಅದು ಹೊಟ್ಟೆಕಿಚ್ಚಿಗೆ ಸಾರ್. ಒಂದು ದಿನ ನಾನಿಲ್ಲದೆ ಕುಣಿಸಲಿ ನೋಡೋಣ ಅಂತ.”

ಹಿತ್ತಲ ಗಿಡ ಮದ್ದಲ್ಲ ಎಂದು ಗೊತ್ತಿದ್ದೂ ಹನ್ನೆರಡು ವರ್ಷ ಹಿತ್ತಲಲ್ಲೇ ಬೆಳೆದ ಗಿಡ. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಬಂತೋ ಅದಕ್ಕೆ ಕಾನೂನಿನಲ್ಲಿ ಕಲಮು ಇರಲಿಲ್ಲ. ಗುಡುಗಿಗೆ ಫೋನು ಮಾಡಿ ರಾಜಿಯ ಮಾತೆತ್ತಿದರು.

“ಪೇಪರ್‌ನಲ್ಲೆಲ್ಲ ಬಂದಾಯ್ತು ಸರ್. ಈಗ ಹಿಂದೆ ತಗೊಂಡ್ರೆ ನಾಟಕ ಆಡ್ದೆ ಅಂತಾರೆ. ಅಕ್ಕ ಆದ್ರೇನು, ಉಂಡ ಮನೆಗೆ ಎರಡು ಬಗೆದಳು. ಕಾನೂನು ಏನಿದೆಯೋ ಮಾಡಿ.”

ಐದು ಹತ್ತಕ್ಕೆ ಬಂಧನವಾಯಿತು.

ಆರು ಗಂಟೆಗೆ ಠಾಣೆಯಲ್ಲಿ ಇಬ್ಬರು ಪಂಚ ಸಾಕ್ಷಿಗಳ ಮುಂದೆ ಮಾಲು ಗುರುತಿಸಲು ಗುಡುಗು ಬಂದ. ಮೂಲೆಯ ಬೆಂಚಿನಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಲಿಲ್ಲ. ಪೇದೆ ಹಾರ್ಡ್‌ಡಿಸ್ಕ್ ತೆರೆದು, ಸಿಕ್ಕಿದ ಒಂದು ಹಾಡಿನ ಪಕ್ಕದ ಖಾನೆಯನ್ನು ಪಂಚನಾಮೆಗೆಂದು ಗಟ್ಟಿಯಾಗಿ ಓದಿದಳು:

“‘ಇದು ಆರು ನಿಮಿಷದ್ದು. ಮಧ್ಯದಲ್ಲೇ ಇಡಬೇಕು. ಅವನಿಗೆ ಬೆನ್ನು ನೋವು, ಈ ಹಾಡಿಗೆ ಕೂತು ನೀರು ಕುಡಿಯಲಿ.’”

ಗುಡುಗಿನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಆ ಹಾಡಿಗೆ ಅವನು ಎಷ್ಟು ವರ್ಷದಿಂದ ಕೂರುತ್ತಿದ್ದನೋ. ಆಮೇಲೆ, “ಶನಿವಾರದೊಳಗೆ ಸಿಗತ್ತಾ ಸರ್?” ಎಂದ.

“ಕೋರ್ಟ್ ಕೊಡಬೇಕು. ತಿಂಗಳುಗಟ್ಟಲೆ ಆಗತ್ತೆ. ಕಾನೂನು ಏನಿದೆಯೋ ಮಾಡಿ ಅಂದಿದ್ದು ನೀವೇ.”

ಮೊಹರು ಮಾಡಲು ಬಟ್ಟೆ, ಅರಗು ಬಂದವು. ಪೇದೆ ಡಿಸ್ಕಿಗೆ ಕೈ ಹಾಕಿದಾಗ ಬೆಂಚಿನಿಂದ ದನಿ ಬಂತು.

“ದೀಪ ಆರ್ಲಿ ತಾಯಿ. ಆಮೇಲೆ ತೆಗಿ.”

ಪೇದೆ ಕಾದಳು.

ರಾತ್ರಿ ಮನೆಗೆ ಹೊರಡುವ ಮೊದಲು ಇನ್‌ಸ್ಪೆಕ್ಟರ್ ವರದಿ ಮುಗಿಸಿದರು. ‘ಕೃತ್ಯಕ್ಕೆ ಕಾರಣ’ ಎಂಬಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ ‘ಕೌಟುಂಬಿಕ ಮನಸ್ತಾಪ’ ಎಂದು ಬರೆದರು. ಆ ಖಾನೆಯಲ್ಲಿ ಅಷ್ಟಕ್ಕೇ ಜಾಗವಿತ್ತು.